ಒಂದು ಚಟಾಕು ಕೊಸರು

ಅಕ್ರಂ ಮಧ್ಯಾಹ್ನದ ನಮಾಜಿಗೆ ಹೋದದ್ದೇ ತಡ, ಅವನ ತಾಯಿ ರೋಶನ್ ಬೀ ಗ್ಯಾರೇಜಿನ ಸ್ಟೂಲಿನಿಂದ ಎದ್ದು ಎಣ್ಣೆ ಡಬ್ಬಿಗೆ ಕೈಹಾಕಿದಳು. ಷಡಕ್ಷರಪ್ಪನ ಟ್ಯಾಕ್ಸಿಗೆ ಕೂರಬೇಕಾದ ಹೊಸ ಎ.ಸಿ. ಕಂಪ್ರೆಸರ್ ಮೇಜಿನ ಮೇಲೆ ಬಾಯಿ ತೆರೆದುಕೊಂಡು ಕುಳಿತಿತ್ತು.

ಬೆಳಗಿನಿಂದ ಅವಳಿಗೆ ಜೀವ ತಡೆದಿರಲಿಲ್ಲ. ಮಗ ಹಳೆಯ ಕಂಪ್ರೆಸರಿನ ಎಣ್ಣೆಯನ್ನು ಅಳತೆ ಗ್ಲಾಸಿಗೆ ಬಗ್ಗಿಸಿ, ಕಣ್ಣು ಕಿರಿದು ಮಾಡಿ ಗೆರೆ ನೋಡಿ, ಅಷ್ಟೇ ಹೊಸ ಎಣ್ಣೆಯನ್ನು ಇದಕ್ಕೆ ಹನಿಹನಿಯಾಗಿ ತುಂಬಿದ್ದ. ಅದೂ ಗಿರಾಕಿಯ ಎದುರಿಗೆ! ಭದ್ರಾವತಿಯ ಓಲ್ಡ್ ಟೌನಿನಲ್ಲಿ ಗಂಡನ ಜೊತೆ ಅಡುಗೆ ಎಣ್ಣೆಯ ಅಂಗಡಿ ನಡೆಸಿದವಳು ಅವಳು. ಪಾವು ಕೇಳಿದವರಿಗೆ ಪಾವು ಅಳೆದು, ಮೇಲೊಂದಿಷ್ಟು ಕೊಸರು ಬಗ್ಗಿಸದೆ ಆತ ಯಾರನ್ನೂ ಕಳಿಸಿದವನಲ್ಲ. ಗಂಡ ಹೋದ, ಅಂಗಡಿಯೂ ಹೋಯಿತು. ಕೈಯ ಅಭ್ಯಾಸ ಮಾತ್ರ ಉಳಿದಿತ್ತು.

ಮಗ ನ್ಯೂ ಟೌನಿನಲ್ಲಿ ಗ್ಯಾರೇಜು ತೆರೆದು ಇನ್ನೂ ವಾರ ಕಳೆದಿರಲಿಲ್ಲ. ಷಡಕ್ಷರಪ್ಪನ ಗಾಡಿಗಳೆಲ್ಲ ಸೋಗಾನೆಯ ಏರ್‌ಪೋರ್ಟಿಗೆ ಓಡುವಂಥವು. ಇದೊಂದು ತಣ್ಣಗಾದರೆ ಉಳಿದವೂ ಇಲ್ಲಿಗೇ ಎಂದಿದ್ದ. ಅಂಥವನ ಹತ್ತಿರ ಜಿಪುಣತನವೇ? ರೋಶನ್ ಬೀ ಬಿಸ್ಮಿಲ್ಲಾ ಎಂದು ಒಂದು ಚಟಾಕು ಧಾರಾಳವಾಗಿ ಸುರಿದಳು.

ಮರುದಿನ ಷಡಕ್ಷರಪ್ಪ ಒದ್ದೆ ಅಂಗಿಯಲ್ಲಿ ಬಂದಿಳಿದ.

“ಏನೋ ಮಾರಾಯ ಇದು? ಶಿವಮೊಗ್ಗ ಮುಟ್ಟೋದ್ರೊಳಗೆ ಪ್ಯಾಸೆಂಜರ್ ಬೆಂದುಹೋದ! ಗಾಳಿ ಬರ್ತಿದೆ, ಪಕ್ಕದಲ್ಲಿ ಯಾರೋ ಉಸಿರು ಬಿಟ್ಟ ಹಾಗೆ. ಉಳಿದ ಗಾಡಿಗಳ ಮಾತು ಮರೆತುಬಿಡು.”

ಅಕ್ರಂ ಬಾನೆಟ್ ಎತ್ತಿದ. ಗ್ಯಾಸ್ ತೆಗೆದ, ಪೈಪುಗಳನ್ನು ಬಿಚ್ಚಿ ಊದಿದ, ಒಳಗಿನ ಎಣ್ಣೆಯನ್ನೆಲ್ಲ ಗ್ಲಾಸಿಗೆ ಇಳಿಸಿದ. ಅದು ನಿನ್ನೆಯ ಗೆರೆ ದಾಟಿ ಏರುತ್ತಲೇ ಹೋಯಿತು.

“ನಾನು ಹಾಕಿದ್ದು ಇಷ್ಟಲ್ಲ ಸಾಹುಕಾರ್ರೇ. ಎಣ್ಣೆ ಜಾಸ್ತಿಯಾದ್ರೆ ಒಳಗೆಲ್ಲ ಬಳ್ಕೊಂಡು ತಂಪೇ ಆಗಲ್ಲ. ಇದು ಎಲ್ಲಿಂದ ಬಂತೋ!”

ರೋಶನ್ ಬೀ ಸೆರಗು ಸರಿಮಾಡಿಕೊಂಡಳು. ಸುಮ್ಮನಿದ್ದರೆ ಹೋಗುವುದು ಮಗನ ಹೆಸರು.

“ಅದು ಕೊಸರು, ಅಣ್ಣಾ. ನಾನೇ ಹಾಕಿದ್ದು.”

“ಅಮ್ಮೀ! ಇದೇನು ಕಡಲೆಕಾಯಿ ಎಣ್ಣೆನಾ?”

“ಆಗಿದ್ರೆ ಬೈಸ್ಕೋತಿದ್ನಾ? ಗಿರಾಕಿಗಳು ದುವಾ ಮಾಡಿ ಹರಸ್ತಿದ್ರು!”

ರೇಗಲು ಬಾಯಿ ತೆರೆದ ಷಡಕ್ಷರಪ್ಪನಿಗೆ ಹೆಚ್ಚು ಕೊಟ್ಟವರನ್ನು ಏನೆಂದು ಬೈಯಬೇಕೋ ತಿಳಿಯಲಿಲ್ಲ. ಸ್ಟೂಲೆಳೆದುಕೊಂಡು ಕುಳಿತ.

ಅಕ್ರಂ ಮತ್ತೆ ಅಳೆದು ಹೊಸ ಎಣ್ಣೆ ಹಾಕಿ, ಗ್ಯಾಸ್ ತುಂಬಿ, ಎ.ಸಿ. ಹಚ್ಚಿದ. ಷಡಕ್ಷರಪ್ಪ ಅಂಗೈ ಒಡ್ಡಿದ. ಬೆರಳು ಜುಮ್ಮೆಂದಿತು.

“ನಾಳೆ ಉಳಿದವನ್ನೂ ಕಳಿಸ್ತೀನಿ. ನಮಾಜಿಗೆ ಹೋಗುವಾಗ ಡಬ್ಬಿಗೊಂದು ಬೀಗ ಹಾಕ್ಕೊಂಡು ಹೋಗಯ್ಯಾ.”

ಅಕ್ರಂ ಗ್ಲಾಸಿಗೆ ಇಳಿಸಿದ್ದ ಎಣ್ಣೆಯನ್ನು ಚೆಲ್ಲಲು ಎತ್ತಿಕೊಂಡ. ಷಡಕ್ಷರಪ್ಪ ಕೈ ಅಡ್ಡ ಹಿಡಿದ.

“ಏಯ್, ಅದರಲ್ಲಿ ಒಂದು ಚಟಾಕು ನಂದು! ಕೊಸರು ಅಂತ ಕೊಟ್ಟಿದ್ದನ್ನ ಯಾರಾದ್ರೂ ವಾಪಸ್ ಕಿತ್ಕೋತಾರಾ?”

ಕಿಟಕಿ ಗಾಜುಗಳನ್ನೆಲ್ಲ ಏರಿಸಿಕೊಂಡು ಟ್ಯಾಕ್ಸಿ ಸೋಗಾನೆಯ ಕಡೆ ಹೊರಟಾಗ, ಡ್ಯಾಶ್‌ಬೋರ್ಡಿನ ಮೇಲೆ ಬಸವಣ್ಣನ ಪಕ್ಕದಲ್ಲಿ ಕೆಮ್ಮಿನ ಔಷಧಿಯ ಹಳೆಯ ಬಾಟಲಿಯೊಂದರಲ್ಲಿ ಕೊಸರಿನ ಎಣ್ಣೆ ತುಳುಕುತ್ತಿತ್ತು.