ಎಂಬತ್ತಾರು ಮೀಟರ್ ಟ್ಯಾಂಕು

ಫಕ್ಕೀರೇಶ ಸರ್ ತಾವು ತಪ್ಪು ವಿಡಿಯೋ ಕಳಿಸಿದ್ದನ್ನು ನೋಡಿಕೊಂಡಾಗ ಭಾನುವಾರ ಸಂಜೆಯಾಗಿತ್ತು. ಶಿಗ್ಗಾವಿಯಲ್ಲಿ ಮದುವೆಯೂಟ ಮುಗಿಸಿ, ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕ ಖುಷಿಯಲ್ಲಿ ಮೊಬೈಲು ತೆಗೆದರೆ, ಹತ್ತನೇ ತರಗತಿಯ ಗ್ರೂಪಿನಲ್ಲಿ ಮೂವತ್ತೆರಡು ಜನ ಅದನ್ನು ನೋಡಿಯಾಗಿತ್ತು. ಹೊರಡುವ ಗಡಿಬಿಡಿಯಲ್ಲಿ ಅಳಿಸಬೇಕಾದದ್ದನ್ನು ಕಳಿಸಿ, ಕಳಿಸಬೇಕಾದದ್ದನ್ನು ಅಳಿಸಿಬಿಟ್ಟಿದ್ದರು.

ವಾರಕ್ಕೊಂದು ಗಣಿತದ ವಿಡಿಯೋ ಗ್ರೂಪಿಗೆ ಹಾಕುವುದು ಅವರ ಪದ್ಧತಿ. ಯಲವಿಗಿಯ ಮನೆಯ ಪಡಸಾಲೆಯಲ್ಲಿ ಹಲಗೆ ನಿಲ್ಲಿಸಿ, ಮೊಬೈಲನ್ನು ಜೋಳದ ಡಬ್ಬಿಗೆ ಆನಿಸಿ, ರೈಲು ಬರದ ಹೊತ್ತು ನೋಡಿ ಶುರುಮಾಡುತ್ತಿದ್ದರು. ಒಂದು ಅಂಕಿ ತಪ್ಪಿದರೂ ಅಳಿಸಿ ಮತ್ತೆ ಮೊದಲಿನಿಂದ. ಏಳೆಂಟು ಸಲ ಎಡವಿದ ಮೇಲೆ ಸರಿಯಾಗಿ ಬಂದದ್ದಷ್ಟೇ ಮಕ್ಕಳ ಕಣ್ಣಿಗೆ ಬೀಳುತ್ತಿತ್ತು. ಅದರಲ್ಲಿ ಸರ್ ನೀರು ಕುಡಿದಷ್ಟು ಸಲೀಸಾಗಿ ಲೆಕ್ಕ ಬಿಡಿಸುತ್ತಿದ್ದರು. ಫಕ್ಕೀರೇಶ ಸರ್ ತಪ್ಪುವುದೇ ಇಲ್ಲ ಎಂದು ಊರವರು ಆಡಿಕೊಳ್ಳುತ್ತಿದ್ದರು. ಇವರೂ "ಹಾಗೇನಿಲ್ಲ" ಎಂದು ಯಾರ ಬಾಯಿಯನ್ನೂ ಮುಚ್ಚಿಸಲು ಹೋದವರಲ್ಲ.

ಈಗ ಹೋಗಿದ್ದು ಎಡವಿದ ವಿಡಿಯೋ. ಐವತ್ತು ಮೀಟರ್ ದೂರ ನಿಂತು ನೋಡಿದರೆ ನೀರಿನ ಟ್ಯಾಂಕಿನ ತುದಿ ಮೂವತ್ತು ಡಿಗ್ರಿ ಕೋನದಲ್ಲಿ ಕಾಣುತ್ತದೆ, ಟ್ಯಾಂಕಿನ ಎತ್ತರ ಎಷ್ಟು? ಭಾಗಿಸುವ ಕಡೆ ಗುಣಿಸಿದ್ದರು. ಎಂಬತ್ತಾರು ಮೀಟರ್ ಬಂದಿತ್ತು. ವಿಡಿಯೋದಲ್ಲಿ ಅವರು ಹಲಗೆಯನ್ನು ದಿಟ್ಟಿಸಿ, ತಲೆ ಕೆರೆದುಕೊಂಡು, "ಇಷ್ಟೆತ್ತರ ಟ್ಯಾಂಕಿಗೆ ನೀರ ಏರಸಾವ್ರು ಯಾರಪ್ಪೋ!" ಎಂದಿದ್ದರು. ಒಳಗಿನಿಂದ ಅವರವ್ವ ಹೊನ್ನವ್ವ, "ರೊಟ್ಟಿ ಆರಾಕತ್ತಾವು, ಬಾರೋ!" ಎಂದು ಕೂಗಿದ್ದು, ಇವರು "ತಡಿ ಬೇ, ಇದೊಂದು ಬರವಲ್ದು!" ಎಂದು ಒದರಿದ್ದು, ಅಂಗಿಯ ತೋಳಿನಿಂದಲೇ ಹಲಗೆ ಒರೆಸಿ ಮತ್ತೆ ಬರೆದದ್ದು, ಮೊಬೈಲು ಒಂದನ್ನೂ ಬಿಟ್ಟಿರಲಿಲ್ಲ.

ಬಸ್ಸಿನಲ್ಲೇ ಅಳಿಸಿದರು. ಮೂವತ್ತೆರಡು ಜನರ ತಲೆಯಿಂದ ಅಳಿಸುವ ಗುಂಡಿ ಎಲ್ಲಿಯೂ ಇರಲಿಲ್ಲ. ಹದಿನಾರು ವರ್ಷ ಕಾಪಾಡಿಕೊಂಡ ಇಜ್ಜತು ಮೂರು ನಿಮಿಷದಲ್ಲಿ ಹೋಯಿತಲ್ಲ ಎಂದು ಅವರಿಗೆ ಉಂಡ ಹೋಳಿಗೆ ಕೂಡ ಭಾರವಾಯಿತು.

ಸೋಮವಾರ ಅವರ ತರಗತಿಯಲ್ಲಿ ಹಲಗೆಯ ದಿನ. ಒಬ್ಬೊಬ್ಬರಾಗಿ ಎದ್ದು ಬಂದು ಎಲ್ಲರೆದುರು ಲೆಕ್ಕ ಬಿಡಿಸಬೇಕು. ಜೂನ್‌ನ ಮೊದಲ ಸೋಮವಾರ ಹೇಮಾ ಎಂಬ ಹುಡುಗಿ ಸೀಮೆಸುಣ್ಣ ಹಿಡಿದು ನಡುಗಿ, ಅಳುತ್ತ ಬೆಂಚಿಗೆ ಮರಳಿದ್ದಳು. ಆಮೇಲೆ ಒಂದು ಸೋಮವಾರವೂ ಅವಳು ಶಾಲೆಗೆ ಬಂದದ್ದಿಲ್ಲ. ಗಣಿತದ ಪರೀಕ್ಷೆಗೆ ಕೂಡುವುದೇ ಇಲ್ಲ ಎಂದು ಮನೆಯಲ್ಲಿ ಹಟ ಹಿಡಿದಿದ್ದಾಳೆಂದು ಅವಳ ತಾಯಿ ಅಡಿವೆವ್ವ ಎರಡು ಸಲ ಬಂದು ಹೇಳಿ ಹೋಗಿದ್ದಳು. ನೋಟುಬುಕ್ಕಿನಲ್ಲಿ ನೋಡಿದರೆ ಹುಡುಗಿಗೆ ಲೆಕ್ಕ ಬರುತ್ತಿತ್ತು. "ಹೆದರಬ್ಯಾಡ, ತಪ್ಪಿದ್ರ ಒರಸಿ ಮತ್ತ ಬರದ್ರಾತು" ಎಂದು ಸರ್ ಎಷ್ಟು ಹೇಳಿದರೂ ಗೋರ್ಕಲ್ಲ ಮೇಲೆ ಮಳೆ ಸುರಿದಂತಾಗಿತ್ತು.

ಈ ಸೋಮವಾರ ಹೇಮಾ ಬಂದಿದ್ದಳು. ಸರ್ ಅದನ್ನು ಗಮನಿಸುವ ಸ್ಥಿತಿಯಲ್ಲಿರಲಿಲ್ಲ. ಹಿಂದಿನ ಬೆಂಚಿನಿಂದ ಯಾರೋ "ಎಂಬತ್ತಾರು ಮೀಟರ್" ಎಂದು ಪಿಸುಗುಟ್ಟಿದರು, ನಗು ಹಬ್ಬಿತು. ಸರ್ ಹಲಗೆಯ ಕಡೆ ತಿರುಗಿ, ಬರೆಯದ ಹಲಗೆಯನ್ನೇ ಒರೆಸತೊಡಗಿದರು.

"ಸರ್, ಆ ವಿಡಿಯೋ ಯಾಕ ತಗದ್ರಿ?"

ತಿರುಗಿದರೆ ಹೇಮಾ ಎದ್ದು ನಿಂತಿದ್ದಾಳೆ.

"ಅದು ತಪ್ಪಿತ್ತವಾ."

"ನಾ ನಾಕು ಸಲ ನೋಡೇನ್ರಿ. ನೀವು ಎಲ್ಲಿ ತಪ್ಪಿದ್ರಿ ಅಂತ ನನಗ ಸಿಕ್ತ್ರಿ."

ಕರೆಯದೆಯೇ ಹಲಗೆಗೆ ಬಂದಳು. ಕೈ ನಡುಗುತ್ತಲೇ ಇತ್ತು. ಮೊದಲ ಸಾಲು ಬರೆದಳು, ಎರಡನೆಯದನ್ನು ತಪ್ಪು ಬರೆದಳು, ತಡೆದು ನಿಂತಳು. ಬೆಂಚುಗಳಿಂದ ನಗು ಬಂದೇಬಿಟ್ಟಿತು ಅನ್ನುವಷ್ಟರಲ್ಲಿ, ತೋಳಿನಿಂದ ಅದನ್ನು ಒರೆಸಿ ಮತ್ತೆ ಬರೆದಳು. ಇಪ್ಪತ್ತೆಂಟು ಮೀಟರ್ ಚಿಲ್ಲರೆ ಬಂತು. ಯಾರೂ ನಗಲಿಲ್ಲ.

"ಭೇಷ್! ಇಷ್ಟ್ ದಿನ ಎಲ್ಲಿತ್ತಬೇ ಈ ಧೈರ್ಯ?" ಎಂದರು ಸರ್.

"ನೀವು ಹಾಕ್ತಿದ್ದ ವಿಡಿಯೋ ನೋಡಿದಾಗೆಲ್ಲ, ನಾ ಒಬ್ಬಾಕಿನ ದಡ್ಡಿ ಅನಸ್ತಿತ್ರಿ ಸರ್."

ಹಿಂದಿನ ಬೆಂಚಿನ ಪಿಸುಮಾತಿಗಿಂತ ಈ ಮಾತು ಅವರಿಗೆ ಹೆಚ್ಚು ನಾಟಿತು. ಅಷ್ಟೂ ವಾರ ಈ ಮಕ್ಕಳಿಗೆ ಧೈರ್ಯ ತುಂಬುತ್ತಿದ್ದೇನೆ ಎಂದೇ ಅವರು ತಿಳಿದಿದ್ದರು. ಜೇಬಿನಿಂದ ಮೊಬೈಲು ತೆಗೆದು ಅವಳ ಕೈಗೆ ಕೊಟ್ಟರು.

"ನಾ ನೋಡಿರದಂಥಾ ಲೆಕ್ಕ ಒಂದು ಕೊಡು. ವಿಡಿಯೋ ನೀನ ಹಿಡಿ. ಎಡವಿದ್ರ ಎಡವಿದ್ದನ್ನ ಗ್ರೂಪಿಗೆ ಹಾಕೂಣು."

ಹೇಮಾ ಹಿಂದುಮುಂದು ನೋಡಲಿಲ್ಲ. ಅಕ್ಕನ ಪಿಯುಸಿ ಗಣಿತದ ಪುಸ್ತಕ ಅವಳ ಚೀಲದಲ್ಲಿತ್ತು. ಅದರ ಕೊನೆಯ ಪುಟ ತೆಗೆದು, ಚುಕ್ಕಿ ಹಾಕಿದ ಕಠಿಣ ಲೆಕ್ಕವನ್ನೇ ಓದಿ ಹೇಳಿದಳು. ಸರ್ ಬರೆದುಕೊಂಡರು. ಒಂದು ಸಾಲು ಸಾಗಿತು, ಎರಡನೆಯದು ಹೇಗೋ ಸಾಗಿತು. ಮೂರನೆಯದಕ್ಕೆ ದಾರಿ ಕಾಣಲಿಲ್ಲ. ಬೆನ್ನ ಹಿಂದೆ ಇಡೀ ತರಗತಿ ಕಾಯುತ್ತಿತ್ತು. ಹದಿನಾರು ವರ್ಷಗಳಲ್ಲಿ ಮೊದಲ ಸಲ ಸೀಮೆಸುಣ್ಣ ಹಿಡಿದ ಅವರ ಕೈ ನಡುಗತೊಡಗಿತು.

ಮೊಬೈಲು ಹಿಡಿದವಳು ಅಲ್ಲಿಂದಲೇ ಮೆಲ್ಲಗೆ ಹೇಳಿದಳು:

"ಹೆದರಬ್ಯಾಡ್ರಿ ಸರ್. ತಪ್ಪಿದ್ರ ಒರಸಿ ಮತ್ತ ಬರದ್ರಾತು."