ಎರಡು ಲೋಟ ಟೀ

ಬೀಗದವನು ತನ್ನ ಟೀಗೆ ಹೆಂಡತಿ ಬಿಳಿ ಪುಡಿ ಹಾಕಿದ್ದನ್ನು ಸ್ಟೀಲ್ ಪಾತ್ರೆಯ ಹೊಳಪಿನಲ್ಲಿ ಕಂಡ. ಸಕ್ಕರೆಯಲ್ಲ. ಸಕ್ಕರೆ ಡಬ್ಬಿ ಅವನ ಮೊಣಕೈ ಪಕ್ಕದಲ್ಲೇ ಇತ್ತು. ಅವಳು ಚಮಚವನ್ನು ಸದ್ದಾಗದಂತೆ ಆಡಿಸಿ, ಪುಡಿಯ ಡಬ್ಬಿಯನ್ನು ಹಿಟ್ಟಿನ ಡಬ್ಬಿಯ ಹಿಂದಕ್ಕೆ ತಳ್ಳಿದಳು.

"ಬಿಸಿ ಇದ್ದಾಗ್ಲೇ ಕುಡೀರಿ," ಎಂದು ಎರಡು ಲೋಟಗಳನ್ನೂ ಮೇಜಿನ ಮೇಲಿಟ್ಟು, ಮಗಳಿಗೆ ಜಡೆ ಹಾಕಲು ಒಳಗೆ ಹೋದಳು.

ಅವನು ಮೂಸಿ ನೋಡಿದ. ವಾಸನೆಯಿಲ್ಲ. ಊರವರ ಬೀಗಗಳನ್ನೆಲ್ಲ ಬಿಚ್ಚಿದವನಿಗೆ ಯಾವ ಬೀಗದ ಮೇಲೂ ನಂಬಿಕೆಯಿರಲಿಲ್ಲ. ಹೆಂಡತಿಯ ಮೇಲಿತ್ತು, ಇವತ್ತಿನವರೆಗೆ.

ಅವನದು ಲಕ್ಷಕ್ಕೊಬ್ಬರಿಗೆ ಬರುವ ಕಾಯಿಲೆ. ಹುಟ್ಟಿನಿಂದಲೇ ರಕ್ತದಲ್ಲಿದ್ದದ್ದು. ಹಿಂದೊಮ್ಮೆ, ಬೇರೆಯವರು ಚಪ್ಪರಿಸಿ ಕುಡಿಯುವ ಟಾನಿಕ್ಕನ್ನು ತಾನೂ ಕುಡಿದು, ಕಣ್ಣೆಲ್ಲ ಹಳದಿಯಾಗಿ, ಸಾವಿನ ಬಾಗಿಲು ತಟ್ಟಿ ಬಂದಿದ್ದ. ಇವನನ್ನು ಮುಗಿಸುವುದು ಎಷ್ಟು ಸುಲಭವೆಂದು ಹೆಂಡತಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆ ಕಾಯಿಲೆ ಅವನಿಂದ ಮಗಳಿಗೂ ಬಂದಿತ್ತು. ಮೆಟ್ಟಿಲು ಹತ್ತಲಾರದೆ ನಡುವೆಯೇ ಕೂರುವ ಮಗುವನ್ನು ಕಂಡಾಗಲೆಲ್ಲ ಹೆಂಡತಿ ಅವನತ್ತ ಒಮ್ಮೆ ತಿರುಗಿ ನೋಡುತ್ತಿದ್ದಳು. ಆ ನೋಟದ ಅರ್ಥ ಈಗ ಹೊಳೆಯಿತು.

ಮಾಡಿದ್ದುಣ್ಣೋ ಮಹರಾಯ! ಬೀಗದವನ ಬೆರಳು ಚುರುಕು. ಲೋಟಗಳು ಅದಲು ಬದಲಾದವು. ಹೆಂಡತಿ ಬಂದು ತನ್ನ ಮುಂದಿದ್ದದ್ದನ್ನು ತಳ ಕಾಣುವವರೆಗೆ ಕುಡಿದಳು.

ಮರುದಿನವೂ ಪುಡಿ. ಮರುದಿನವೂ ಅದಲು ಬದಲು. ಮೊದಲು ಚಿಟಿಕೆಯಿದ್ದದ್ದು ಬರಬರುತ್ತಾ ಚಮಚವಾಯಿತು. ಸಂಜೆ ಅವನು ಅಂಗಡಿ ಮುಚ್ಚಿ ಬಂದರೆ ಸಾಕು, ಅವಳು ಅವನ ರೆಪ್ಪೆ ಎಳೆದು ಕಣ್ಣು ನೋಡುವಳು.

"ಹೊಟ್ಟೆ ಗಿಟ್ಟೆ ನೋಯ್ತಿದ್ಯಾ?"

"ಇಲ್ವಲ್ಲ. ನೋಯ್ಬೇಕಿತ್ತಾ?"

"ಬಿಡ್ತು ಅನ್ನಿ!" ಎಂದು ನಗುವಳು.

ವಾರ ಕಳೆಯಿತು. ಹೆಂಡತಿ ಗುಂಡುಕಲ್ಲಿನಂತೆ ಓಡಾಡಿಕೊಂಡಿದ್ದಳು. ವಿಷವಾಗಿದ್ದರೆ ಇಷ್ಟು ಹೊತ್ತಿಗೆ ಹಾಸಿಗೆ ಹಿಡಿಯುತ್ತಿರಲಿಲ್ಲವೇ? ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂದು ಬೀಗದವನು ತನ್ನನ್ನೇ ಬೈದುಕೊಂಡ. ನಾಚಿಕೆಯಾಯಿತು. ಎಲ್ಲ ಹೇಳಿ ಕ್ಷಮೆ ಕೇಳೋಣವೆಂದು ಅಡುಗೆಮನೆಗೆ ಬಂದ.

ಪುಡಿಯ ಡಬ್ಬಿ ಇವತ್ತು ರಾಜಾರೋಷವಾಗಿ ಮೇಜಿನ ಮೇಲಿತ್ತು. ಎದುರಿಗೆ ಮಗಳು ಲೋಟ ಎತ್ತಿ ಗಟಗಟನೆ ಕುಡಿಯುತ್ತಿದ್ದಳು.

"ಬೈಬೇಡಿ ಕಣ್ರೀ," ಎಂದಳು ಹೆಂಡತಿ. ಅವಳ ಕಣ್ಣು ತುಂಬಿತ್ತು. "ಪುಟ್ಟಿ ದಿನೇ ದಿನೇ ಸೊರಗೋದನ್ನ ನೋಡೋಕಾಗ್ಲಿಲ್ಲ. ಇದು ಶಕ್ತಿ ಬರೋ ಪುಡಿ. ನಿಮ್ಮನ್ನ ಕೇಳಿದ್ರೆ ಬೇಡ ಅಂತಿದ್ರಿ. ಇಬ್ರದೂ ಒಂದೇ ಕಾಯಿಲೆ ತಾನೆ? ಅದಕ್ಕೇ ವಾರದಿಂದ ನಿಮ್ಮ ಟೀಗೆ ಹಾಕಿ ನೋಡ್ದೆ. ನಿಮಗೇ ಏನೂ ಆಗ್ಲಿಲ್ಲ ಅಂದ್ಮೇಲೆ ಅವಳಿಗೇನಾಗತ್ತೆ?"

ಆ ಪುಡಿಯ ಟೀಯನ್ನು ಒಂದು ಹನಿಯೂ ಕುಡಿಯದವನು ಬಾಯಿ ತೆರೆಯುವಷ್ಟರಲ್ಲಿ, ಮಗಳು ಖಾಲಿ ಲೋಟವನ್ನು ಮೇಜಿನ ಮೇಲಿಟ್ಟು ತುಟಿ ಒರೆಸಿಕೊಂಡಳು.