ಕಂಸದೊಳಗಿನ ಕೂಗು

"ಊರಿನ ಬಟ್ಟೆ ಒಗೆಯುವ ಮನೆಗೆ ಸೋಮವಾರದಿಂದ ಬೀಗ" ಎಂದು ಕೌನ್ಸಿಲರ್ ಓಗ್ಡನ್ ಓದಿ ಮುಗಿಸಿದ್ದೇ ತಡ, ಪುರಭವನದ ಹಿಂದಿನ ಬೆಂಚುಗಳ ಹೆಂಗಸರಿಂದ "ಶೇಮ್! ಶೇಮ್!" ಎಂಬ ಕೂಗೆದ್ದಿತು. ಓಗ್ಡನ್ ಹೊಟ್ಟೆಯ ಮೇಲೆ ಕೈಕಟ್ಟಿ ಹಾಯಾಗಿ ಕಾದ. ಇಂಗ್ಲೆಂಡಿನ ಈ ಲ್ಯಾಂಕಾಶೈರಿನ ಜನ ಇಪ್ಪತ್ತು ವರ್ಷದಿಂದ ಅವನಿಗೆ ಹೀಗೇ ಕೂಗುತ್ತ ಬಂದಿದ್ದರು. ಪತ್ರಿಕೆಯವರು ಆ ಕೂಗನ್ನು ಅವನ ಭಾಷಣದ ನಡುವೆ ಕಂಸದಲ್ಲಿ ಅಚ್ಚು ಹಾಕುತ್ತಿದ್ದರು. ಅವನು ಅದನ್ನು ಕತ್ತರಿಸಿ ಆಲ್ಬಮ್ಮಿಗೆ ಅಂಟಿಸಿಕೊಳ್ಳುತ್ತಿದ್ದ. ಕೂಗಿದವರು ಮನೆಗೆ ಹೋಗಿ ಚಹಾ ಕುಡಿದು ಮಲಗುತ್ತಾರೆಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಆ ಒಗೆಯುವ ಮನೆಯಲ್ಲಿ ಕಂಡವರ ಬಟ್ಟೆ ತೊಳೆದೇ ಸಂಸಾರ ಸಾಗಿಸುತ್ತಿದ್ದ ಹೆಟ್ಟಿ ಕ್ಲೆಗ್ ಎದ್ದು, ಸೋಪಿನ ನೀರಿಗೆ ಬಿರಿದ ಕೈಯನ್ನು ಮೇಲೆತ್ತಿದಳು. "ಸಾಕು ಸುಮ್ನಿರ್ರೇ! ಇವನ ಕಾಲರ್ ಹದಿನೆಂಟು ವರ್ಷದಿಂದ ನಾನೇ ಉಜ್ತಿದೀನಿ, ಕೊಳೆ ಬಿಟ್ರೆ ಇನ್ನೇನೂ ಕಂಡಿಲ್ಲ. ನಾಚಿಕೆ ಇರೋರಿಗೆ ಅನ್ನೋ ಮಾತನ್ನ ಇವನ ಮೇಲೆ ಯಾಕೆ ದಂಡ ಮಾಡ್ತೀರಿ?"

"ಹೇಳಮ್ಮಾ, ಹೇಳು. ಪತ್ರಿಕೆಯವರೂ ಬರ್ಕೊಳ್ಲಿ" ಎಂದು ಓಗ್ಡನ್ ನಕ್ಕ. ಹೆಟ್ಟಿ ಅವನತ್ತ ತಿರುಗಿಯೂ ನೋಡದೆ ಕುಳಿತು, ಚೀಲದಿಂದ ಉಣ್ಣೆಯ ಹೆಣಿಗೆ ತೆಗೆದಳು. ಪಕ್ಕದವಳೂ ತೆಗೆದಳು. ಬೆಂಚಿನಿಂದ ಬೆಂಚಿಗೆ ಕಡ್ಡಿಗಳ ಟಿಕಟಿಕ ಹಬ್ಬಿತು.

ಓಗ್ಡನ್ ಮುಂದಿನ ನಿರ್ಣಯ ಓದಿದ: ಮೇಯರರ ಕೋಣೆಗೆ ಹೊಸ ರತ್ನಗಂಬಳಿ. ಓದಿ, ರೂಢಿಯಂತೆ ನಿಲ್ಲಿಸಿದ. ಟಿಕಟಿಕ ಬಿಟ್ಟರೆ ಬೇರೆ ಸದ್ದಿಲ್ಲ. ವರದಿಗಾರ ತುಸು ಹೊತ್ತು ಕಾದು ಪೆನ್ಸಿಲನ್ನು ಜೇಬಿಗಿಳಿಸಿದ. ಹೆಟ್ಟಿ ಗಂಜಿ ಹಾಕಿ ಇಸ್ತ್ರಿ ಮಾಡಿದ್ದ ಆ ಬಿಳಿ ಕಾಲರಿನೊಳಗೆ ಓಗ್ಡನ್‌ನ ಕತ್ತು ಕೆಂಪಗಾಯಿತು.

"ಏನ್ರೇ," ಎಂದ ಅವನು, "ಯಾರೂ ಏನೂ ಅನ್ನಲ್ವಾ?"